ಬಾಯಿ ಕ್ಯಾನ್ಸರ್: ರಕ್ತದಲ್ಲಿನ ತಾಮ್ರ, ಸತು, ಕಬ್ಬಿಣ ಏನು ಹೇಳುತ್ತವೆ?



ಮಚ್ಛೆ, ಪೀರನವಾಡಿ, ಉದ್ಯಮಬಾಗ ಭಾಗದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಖಾನಾಪುರ ಕಡೆಯಿಂದ ಕೆಲಸಕ್ಕೆ ಬರುವವರು ಅನೇಕರು ನಿದ್ದೆ ತಡೆಯಲೆಂದು ಅಡಿಕೆ, ಮಾವಾ, ತಂಬಾಕು-ಸುಣ್ಣ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. "ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಬಾಯಿ ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆಯೇ?" ಎಂಬ ಪ್ರಶ್ನೆ ಇಂಥವರಲ್ಲಿ ಸಹಜ. ಅದಕ್ಕೆ ಉತ್ತರ ಇಲ್ಲಿದೆ.

ಸೂಕ್ಷ್ಮ ಲೋಹಗಳು ಎಂದರೇನು?

ನಮ್ಮ ದೇಹಕ್ಕೆ ಕೆಲವು ಲೋಹಗಳು ಬಹಳ ಕಡಿಮೆ ಪ್ರಮಾಣದಲ್ಲಿ ಬೇಕು. ವಯಸ್ಕರ ದೇಹದಲ್ಲಿ ಕಬ್ಬಿಣ ಸುಮಾರು 3ರಿಂದ 4 ಗ್ರಾಂ, ಸತು ಸುಮಾರು 2 ಗ್ರಾಂ ಇರುತ್ತದೆ. ತಾಮ್ರವಂತೂ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ರಕ್ತ ತಯಾರಾಗಲು, ಗಾಯ ಮಾಯಲು, ರೋಗ ತಡೆಯಲು ಇವು ಬೇಕೇ ಬೇಕು.

ಅಡಿಕೆಗೂ ತಾಮ್ರಕ್ಕೂ ಏನು ಸಂಬಂಧ?

ನಾವು ತಿನ್ನುವ ಇತರ ಬೀಜಗಳಿಗಿಂತ ಅಡಿಕೆಯಲ್ಲಿ ತಾಮ್ರ ಹೆಚ್ಚು. ಅಡಿಕೆ ಅಗಿದ ಕೆಲವೇ ನಿಮಿಷಗಳಲ್ಲಿ ಅದು ಜೊಲ್ಲಿನಲ್ಲಿ ಕರಗುತ್ತದೆ. ಗಂಟೆಗಟ್ಟಲೆ ಕೆನ್ನೆಯಲ್ಲಿ ಒತ್ತಿಟ್ಟುಕೊಂಡರೆ ಆ ತಾಮ್ರ ಒಳಚರ್ಮಕ್ಕೆ ಇಳಿಯುತ್ತದೆ. ಅಲ್ಲಿ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ತಾಮ್ರದ ಬಲದಿಂದ ಕೆಲಸ ಮಾಡುತ್ತದೆ. ಚರ್ಮದ ಕೆಳಗಿನ ನಾರುಗಳನ್ನು ಒಂದಕ್ಕೊಂದು ಬಿಗಿಯುವುದೇ ಅದರ ಕೆಲಸ. ತಾಮ್ರ ಹೆಚ್ಚಾದರೆ ಬಿಗಿತವೂ ಹೆಚ್ಚುತ್ತದೆ. ಕೆನ್ನೆ ಬಿಳಿಚಿ ಗಟ್ಟಿಯಾಗುತ್ತದೆ, ಖಾರ ತಾಳದಾಗುತ್ತದೆ, ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಜನರಿಗೆ ಕ್ಯಾನ್ಸರ್ ಕಂಡುಬಂದಿತು.

"ನಾನು ತಂಬಾಕು ತಿನ್ನುವುದಿಲ್ಲ, ಬರೀ ಅಡಿಕೆ" ಎಂದು ಸಮಾಧಾನಪಡಬೇಡಿ. ತಂಬಾಕು ಸೇರದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ.

ರಕ್ತದಲ್ಲಿ ಏನು ಕಾಣುತ್ತದೆ?

ಬಾಯಿ ಕ್ಯಾನ್ಸರ್ ಮತ್ತು ಅದರ ಪೂರ್ವಸ್ಥಿತಿಯ ರೋಗಿಗಳಲ್ಲಿ ತಾಮ್ರ ಏರಿರುವುದು, ಕಬ್ಬಿಣ, ಸತು, ಸೆಲೆನಿಯಂ ಇಳಿದಿರುವುದು ನಮ್ಮ ದೇಶದ ಹಲವು ಅಧ್ಯಯನಗಳಲ್ಲಿ ಕಂಡಿದೆ. ಬಾಯಿ ಉರಿಯಿಂದ ಊಟ ಕಡಿಮೆಯಾಗುವುದೂ ಕಬ್ಬಿಣ ಇಳಿಯಲು ಒಂದು ಕಾರಣ.

ಹಾಗಾದರೆ ಇದೇ ಪರೀಕ್ಷೆ ಸಾಕೇ?

ಸಾಲದು. ರಕ್ತದಲ್ಲಿ ತಾಮ್ರದ ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 70ರಿಂದ 140 ಮೈಕ್ರೋಗ್ರಾಂ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲಿ, ಯಾವುದೇ ಸೋಂಕು ಅಥವಾ ಉರಿಯೂತ ಇದ್ದವರಲ್ಲಿಯೂ ಅದು ಏರಬಹುದು. ಕೊಕ್ಕೆಹುಳುವಿನಿಂದಲೂ ಕಬ್ಬಿಣ ಇಳಿಯಬಹುದು. ಹೀಗಾಗಿ ಏರಿದ ಅಂಕಿ ನೋಡಿ ಎದೆಗುಂದಬೇಡಿ. ಇದಕ್ಕಿಂತ ಮುಖ್ಯವಾಗಿ, ರಿಪೋರ್ಟ್ ಸರಿಯಾಗಿದೆಯೆಂದು ಬಾಯಲ್ಲಿನ ಹುಣ್ಣನ್ನು ಅಲಕ್ಷಿಸಬೇಡಿ. ಹಾಗೆ ಕಳೆದ ತಿಂಗಳುಗಳಲ್ಲೇ ಗಡ್ಡೆ ಕುತ್ತಿಗೆಗೆ ಇಳಿದುಬಿಡಬಹುದು. ಕ್ಯಾನ್ಸರನ್ನು ಖಚಿತಪಡಿಸುವುದು ಬಯಾಪ್ಸಿ, ಅಂದರೆ ಹುಣ್ಣಿನ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ತುಣುಕು ತೆಗೆದರೆ ರೋಗ ಹರಡುತ್ತದೆ ಎಂಬ ಭಯ ಬೇಡ.

ಬೆಳಕಿನಲ್ಲಿ ಬಾಯಿ ನೋಡುವ ಸರಳ ತಪಾಸಣೆಯ ಬೆಲೆ ದೊಡ್ಡದು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ಶೇ. 34ರಷ್ಟು ಕಡಿಮೆಯಾದವು ಎಂದು 2005ರಲ್ಲಿ ಪ್ರಕಟವಾಯಿತು.

ಕೆಲವು ಸಂಶಯಗಳು

ತಾಮ್ರದ ತಂಬಿಗೆಯ ನೀರು ಬಿಡಬೇಕೇ? ಬೇಕಿಲ್ಲ. ಇಲ್ಲಿ ಅಪಾಯ ಕೆನ್ನೆಯಲ್ಲಿ ಒತ್ತಿಟ್ಟ ಅಡಿಕೆಯದು. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆಹುಳಿ ಮಾತ್ರ ಇಡಬೇಡಿ.

ಸತುವಿನ ಗುಳಿಗೆ ನುಂಗಿದರೆ ಸರಿಹೋಗುತ್ತದೆಯೇ? ವೈದ್ಯರು ಹೇಳದೆ ಬೇಡ. ಸತು ಅತಿಯಾದರೆ ದೇಹಕ್ಕೆ ಬೇಕಾದ ತಾಮ್ರವೂ ಸಿಗದೆ ರಕ್ತಹೀನತೆ ಬರುತ್ತದೆ. ಕಾಳು, ಶೇಂಗಾ, ಎಳ್ಳು, ಸೊಪ್ಪು ದಿನದ ಊಟದಲ್ಲಿರಲಿ.

ನೀವು ಮಾಡಬೇಕಾದುದು

1. ತಿಂಗಳಿಗೊಮ್ಮೆ ಬಾಯಿ ತೊಳೆದು, ಕನ್ನಡಿ ಮುಂದೆ ಬೆಳಕಿನಲ್ಲಿ ಕೆನ್ನೆ, ವಸಡು, ನಾಲಿಗೆಯ ಅಡಿ ನೋಡಿಕೊಳ್ಳಿ.

2. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟಾಗ ಬಾಯೊಳಗೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

3. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯ ಗಂಟು ಇದ್ದರೆ ತಡಮಾಡಬೇಡಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಮೊದಲ ಹಂತದಲ್ಲಿ ನೋವು ಇರುವುದೇ ಅಪರೂಪ.

4. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧವಾಗಿದೆ. ಪಾನ್ ಮಸಾಲಾ, ಜರ್ದಾ ಬೇರೆ ಬೇರೆ ಚೀಟು ಕೊಂಡು ಕೂಡಿಸಿದರೂ ಅದು ಗುಟ್ಕಾನೇ. ಚಟ ಬಿಡಲು ಸಲಹೆ ಬೇಕಿದ್ದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ.

5. ಖರ್ಚಿಗೆ ಹೆದರಿ ಮನೆಯಲ್ಲಿ ಕೂಡಬೇಡಿ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಜೊತೆಗೆ ತನ್ನಿರಿ.

ಮುಂದಿನ ಸಲ ಬಂದಾಗ ಯಾವ ಕಾಯಿಲೆಗೇ ಬಂದಿರಲಿ, "ಡಾಕ್ಟರೇ, ನನ್ನ ಬಾಯಿಯನ್ನೂ ಒಮ್ಮೆ ನೋಡಿರಿ" ಎಂದು ಕೇಳಿ. ಎರಡು ನಿಮಿಷದ ಕೆಲಸ, ನಾಚಿಕೆ ಬೇಡ.