ಹಲ್ಲಿನ ಕಲೆ, ನೀರಿನ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇವು ನಮ್ಮ ತಾಲ್ಲೂಕುಗಳು. ಇಲ್ಲಿ ಮಳೆ ಕಡಿಮೆ. ಬಹಳ ಊರುಗಳಿಗೆ ಕೊಳವೆ ಬಾವಿಯ ನೀರೇ ಗತಿ.

ನಮ್ಮ ಮಕ್ಕಳ ಹಲ್ಲು ನೋಡೋಣ. ಕೆಲವರಿಗೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗಲ್ಲ. ಕೆಲವು ಹಿರಿಯರಿಗೆ ಕೀಲು ನೋವು. ಬೆನ್ನು ಬಗ್ಗಲ್ಲ. ಇದು ಹಣೆಬರಹವೇ? ಅಲ್ಲ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹೀಗಾಗುತ್ತದೆ.

ಫ್ಲೋರೈಡ್ ಎಲ್ಲಿಂದ ಬಂತು? ನೆಲದೊಳಗಿನ ಬಂಡೆಯಿಂದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗಲ್ಲ. ಕುದಿಸಿದರೂ ಹೋಗಲ್ಲ.

ಬಂಡೆಯನ್ನು ತೊಳೆಯಲು ಆಗಲ್ಲ. ಮೇಲೆ ಬಂದ ನೀರನ್ನು ಶುದ್ಧ ಮಾಡಬಹುದು. ನೀರಿಗೆ ಸುಣ್ಣ, ಪಟಿಕ ಹಾಕಿ ಕಲಕುತ್ತಾರೆ. ಫ್ಲೋರೈಡ್ ಗಸಿಯ ಜೊತೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಸೋಸಿ ಕುಡಿಯಬೇಕು. ಇದರ ಹೆಸರು ನಲ್ಗೊಂಡ ವಿಧಾನ. ನಾಗಪುರದ ‘ನೀರಿ’ ಸಂಸ್ಥೆ 1970ರ ದಶಕದಲ್ಲಿ ಇದನ್ನು ರೂಪಿಸಿತು. ಆದರೆ ಕಣ್ಣಂದಾಜಿನಲ್ಲಿ ಹಾಕಬಾರದು. ನೀರು ಪರೀಕ್ಷಿಸಿ, ತಿಳಿದವರೇ ಅಳತೆ ಹೇಳಬೇಕು. ಊರಿನ ಶುದ್ಧ ನೀರಿನ ಘಟಕದಲ್ಲಿ ಯಂತ್ರವೇ ಫ್ಲೋರೈಡ್ ತೆಗೆಯುತ್ತದೆ. ಚೊಕ್ಕವಾಗಿ ಹಿಡಿದಿಟ್ಟ ಮಳೆ ನೀರೂ ಒಳ್ಳೆಯದು.

ಅಕ್ಕಂದಿರೇ, ಈಗ ನಮಗೆ ಓದು ಬರುತ್ತದೆ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ಚೀಟಿ ಕೇಳೋಣ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆದುಕೊಡಿ ಎನ್ನೋಣ. ‘ಫ್ಲೋರೈಡ್’ ಪದ ಹುಡುಕೋಣ. ಮುಂದಿನ ಅಂಕಿ ಓದೋಣ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. 1.5 ದಾಟಿದರೆ ಕುಡಿಯಲು ಬೇಡ, ಅಡುಗೆಗೂ ಬೇಡ. ಬಟ್ಟೆ ಒಗೆಯಲು ಬಳಸಬಹುದು.

ಬಂದ ಕಲೆ ತಾನಾಗಿ ಹೋಗಲ್ಲ. ಆದರೆ ನಾಳೆ ಹುಟ್ಟುವ ಕೂಸಿನ ಹಲ್ಲು ನಾವು ಉಳಿಸಬಹುದು.