ಪ್ರವಾಹದ ಭೂಪಟ: ಯಂತ್ರದ ಓದು, ಮನುಷ್ಯನ ಪರಿಶೀಲನೆ

ನದಿ ಉಕ್ಕಿ ಹರಿದಾಗ ಜಿಲ್ಲಾಡಳಿತಕ್ಕೆ ತುರ್ತಾಗಿ ಬೇಕಾಗುವ ಮಾಹಿತಿ ಒಂದು: ನೀರು ಯಾವ ಊರುಗಳನ್ನು ಸುತ್ತುವರಿದಿದೆ? ದೋಣಿ, ಆಹಾರ ಮತ್ತು ಔಷಧಿಗಳು ಮೊದಲು ಎತ್ತ ಸಾಗಬೇಕೆಂಬುದು ಈ ಉತ್ತರವನ್ನು ಅವಲಂಬಿಸಿದೆ. ರಸ್ತೆಗಳು ಮುಳುಗಿ, ದೂರವಾಣಿ ಸಂಪರ್ಕ ಕಡಿದುಹೋದಾಗ ಉಪಗ್ರಹ ಚಿತ್ರಗಳು ಬಹುಮಟ್ಟಿಗೆ ಈ ಕೊರತೆಯನ್ನು ನೀಗಿಸುತ್ತವೆ.

ಪದರಗಳ ಭೂಪಟ

ನದಿ, ರಸ್ತೆ, ಜನವಸತಿ, ಆಸ್ಪತ್ರೆ, ನೆಲದ ಎತ್ತರ ಇವೆಲ್ಲವನ್ನೂ ಪ್ರತ್ಯೇಕ ಪದರಗಳಾಗಿ ಗಣಕಯಂತ್ರದಲ್ಲಿ ಸಂಗ್ರಹಿಸಿ, ಒಂದರ ಮೇಲೊಂದಿಟ್ಟು ನೋಡುವ ವಿಧಾನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಇದರ ಮೂಲ ತತ್ತ್ವ ಹಳೆಯದು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಡಾ. ಜಾನ್ ಸ್ನೋ ಅವರು ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಅವು ದಟ್ಟವಾಗಿದ್ದವು. ಅಂಕಿಗಳ ಪಟ್ಟಿಯಲ್ಲಿ ಅಡಗಿದ್ದ ಸಂಗತಿಯನ್ನು ನಕ್ಷೆಯು ಕಣ್ಣಿಗೆ ಕಾಣಿಸಿತು.

ಮೋಡದಾಚೆಯ ನೋಟ

ಮಳೆಗಾಲದ ಮೋಡಗಳು ಸಾಮಾನ್ಯ ಕ್ಯಾಮೆರಾಗಳಿಗೆ ಅಡ್ಡಿಯಾಗುತ್ತವೆ. ರೇಡಾರ್ ತರಂಗಗಳು ಮೋಡವನ್ನು ಹಾದು ನೆಲ ತಲುಪುತ್ತವೆ. ಭಾರತವು 2012ರಲ್ಲಿ ರಿಸ್ಯಾಟ್-1 ಉಪಗ್ರಹವನ್ನೂ 2022ರಲ್ಲಿ ಇ.ಒ.ಎಸ್-04 ಉಪಗ್ರಹವನ್ನೂ ಇಂತಹ ವೀಕ್ಷಣೆಗಾಗಿ ಉಡಾಯಿಸಿತು. ನಿಂತ ನೀರು ಕನ್ನಡಿಯಂತೆ ತರಂಗಗಳನ್ನು ಬೇರೆಡೆಗೆ ಹೊರಳಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರವು ಇಂತಹ ಚಿತ್ರಗಳಿಂದ ಪ್ರವಾಹದ ನಕ್ಷೆಗಳನ್ನು ಸಿದ್ಧಪಡಿಸುತ್ತದೆ.

ಯಂತ್ರ ಕಲಿಯುವ ಬಗೆ

ಒಂದು ಚಿತ್ರದಲ್ಲಿ ಕೋಟ್ಯಂತರ ಚುಕ್ಕೆಗಳಿರುತ್ತವೆ. ಅವನ್ನೆಲ್ಲ ಕಣ್ಣಿನಿಂದ ಪರೀಕ್ಷಿಸಲು ಬಹಳ ಸಮಯ ಬೇಕು. ಕೃತಕ ಬುದ್ಧಿಮತ್ತೆಯ ನೆರವು ಒದಗುವುದು ಇಲ್ಲಿಯೇ. ತಜ್ಞರು ನೀರನ್ನೂ ನೆಲವನ್ನೂ ಗುರುತಿಸಿದ ಮಾದರಿಗಳನ್ನು ಯಂತ್ರಕ್ಕೆ ಒದಗಿಸಲಾಗುತ್ತದೆ. ತನ್ನ ಉತ್ತರವು ತಜ್ಞರ ಉತ್ತರಕ್ಕೆ ಸಮೀಪವಾಗುವವರೆಗೆ ಯಂತ್ರವು ಲೆಕ್ಕಾಚಾರವನ್ನು ತಿದ್ದಿಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ‘ಸೆನ್1ಫ್ಲಡ್ಸ್11’ ಎಂಬ ಸಂಗ್ರಹದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ 11 ಪ್ರವಾಹಗಳ 4,831 ಚಿತ್ರಖಂಡಗಳಿವೆ. ಅವುಗಳಲ್ಲಿ ಕೈಯಿಂದ ಗುರುತಿಸಿದವು 446.

ಆದರೆ ಯಂತ್ರವೂ ತಪ್ಪುತ್ತದೆ. ಒಣ ಮರಳು ಮತ್ತು ವಿಮಾನ ನಿಲ್ದಾಣದ ಓಡುದಾರಿ ಸಹ ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತವೆ. ಕಟ್ಟಡಗಳ ನಡುವೆ ಅಥವಾ ಮರಗಳ ಕೆಳಗೆ ನಿಂತ ನೀರು ಹೊಳಪಾಗಿ ಕಾಣಬಹುದು. ಹೀಗಾಗಿ ಜನನಿಬಿಡ ಓಣಿಗಳಲ್ಲಿ ತುಂಬಿದ ನೀರೇ ಲೆಕ್ಕದಿಂದ ತಪ್ಪಿಹೋಗುವ ಸಂಭವವಿದೆ. ಪ್ರವಾಹಕ್ಕೆ ಮುಂಚಿನ ಚಿತ್ರ, ನೆಲದ ಎತ್ತರ ಹಾಗೂ ಸ್ಥಳದಿಂದ ಬಂದ ವರದಿಗಳೊಡನೆ ಹೋಲಿಸಿ ನೋಡುವುದು ಆದುದರಿಂದ ಅಗತ್ಯ.

ಬಣ್ಣಗಳ ಹೊಣೆ

ಒಂದೇ ಅಂಕಿಅಂಶದಿಂದ ಎರಡು ಬಗೆಯ ನಕ್ಷೆ ಬರೆಯಬಹುದು. ಉದಾಹರಣೆಗೆ, 5 ಲಕ್ಷ ಜನರಿರುವ ತಾಲ್ಲೂಕಿನಲ್ಲಿ 10,000 ಮಂದಿಯೂ 20,000 ಜನರಿರುವ ಹೋಬಳಿಯಲ್ಲಿ 8,000 ಮಂದಿಯೂ ಸಂತ್ರಸ್ತರಾಗಿದ್ದಾರೆಂದು ಭಾವಿಸೋಣ. ಒಟ್ಟು ಸಂಖ್ಯೆಯ ನಕ್ಷೆಯಲ್ಲಿ ತಾಲ್ಲೂಕಿನ ಬಣ್ಣ ಗಾಢವಾಗಿರುತ್ತದೆ. ಸಾವಿರಕ್ಕೆ ಎಷ್ಟು ಮಂದಿ ಎಂದು ಲೆಕ್ಕ ಹಾಕಿದರೆ ತಾಲ್ಲೂಕಿನಲ್ಲಿ 20, ಹೋಬಳಿಯಲ್ಲಿ 400. ಆಹಾರದ ಪ್ರಮಾಣ ನಿರ್ಧರಿಸಲು ಮೊದಲನೆಯದು, ಸಂಕಟದ ತೀವ್ರತೆ ಅರಿಯಲು ಎರಡನೆಯದು ಉಪಯುಕ್ತ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ‘ನೀರಿಲ್ಲ’ ಎಂಬುದೂ ‘ಮಾಹಿತಿ ಇಲ್ಲ’ ಎಂಬುದೂ ಒಂದೇ ಅಲ್ಲ. ಇವೆರಡಕ್ಕೂ ಒಂದೇ ಬಣ್ಣ ಬಳಿದರೆ, ಉಪಗ್ರಹ ನೋಡದೆ ಹೋದ ಗ್ರಾಮವೂ ಸುರಕ್ಷಿತ ಗ್ರಾಮವೆಂದು ತೋರುತ್ತದೆ. ದೋಣಿ ಅತ್ತ ಹೋಗುವುದಿಲ್ಲ.

ನಕ್ಷೆ ನೋಡುವಾಗ ಗಮನಿಸಬೇಕಾದ ಅಂಶಗಳು

1. ಚಿತ್ರ ತೆಗೆದ ದಿನ ಮತ್ತು ವೇಳೆ. ಪ್ರವಾಹದ ನೀರು ಗಂಟೆಗಳಲ್ಲಿಯೇ ಏರಿಳಿಯುತ್ತದೆ.
2. ಪ್ರತಿ ಬಣ್ಣದ ಅರ್ಥ. ಮಾಹಿತಿಯಿಲ್ಲದ ಪ್ರದೇಶಕ್ಕೆ ಪ್ರತ್ಯೇಕ ಗುರುತು ಇದೆಯೇ ಎಂಬುದು.
3. ತೋರಿಸಿರುವುದು ಒಟ್ಟು ಸಂಖ್ಯೆಯೋ, ಪ್ರಮಾಣವೋ ಎಂಬುದು.
4. ಸ್ಥಳ ಪರಿಶೀಲನೆ ನಡೆದಿದೆಯೇ ಎಂಬುದು.

ಯಂತ್ರವು ವೇಗವನ್ನು ಒದಗಿಸುತ್ತದೆ. ಅದು ಕಾಣದ ಊರನ್ನು ಕಾಣುವ ಹೊಣೆ ಸ್ಥಳದಲ್ಲಿರುವ ಸಿಬ್ಬಂದಿಯದು ಮತ್ತು ನೆರೆಹೊರೆಯ ನಾಗರಿಕರದು.