ಕೆರೆ ಕೋಲಾರದ್ದು, ಲೆಕ್ಕ ಅರ್ಥ್ ಎಂಜಿನ್‌ನದು

ಕೋಲಾರ ಸೀಮೆಯ ಕೆರೆಗಳಲ್ಲಿ ಯಾವ ತಿಂಗಳು ಎಷ್ಟು ನೀರಿತ್ತು ಎಂದು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುವುದು ನನ್ನ ಕೆಲಸ. ಉಪಗ್ರಹ ಚಿತ್ರಗಳನ್ನು ತನ್ನಲ್ಲೇ ಇಟ್ಟುಕೊಂಡು ಅಲ್ಲೇ ಲೆಕ್ಕ ಮಾಡಿಕೊಡುವ ಗೂಗಲ್ ಅರ್ಥ್ ಎಂಜಿನ್ ಇಲ್ಲದೆ ಇದು ಆಗುತ್ತಿರಲಿಲ್ಲ. ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು:

1. ಚಿತ್ರಗಳನ್ನು ಡೌನ್‌ಲೋಡ್ ಮಾಡುವ ಚಪಲ ಬಿಡಿ. ಅವು ಇದ್ದಲ್ಲೇ ಇರಲಿ, ಉತ್ತರದ ಸಿಎಸ್‌ವಿ ಕಡತ ಮಾತ್ರ ನಿಮ್ಮ ಕಂಪ್ಯೂಟರಿಗೆ ಬರಲಿ. ಪರದೆಯ ಮೇಲೆ ‘ಟೈಮ್ಡ್ ಔಟ್’ ಬಂದರೆ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಹೋಗಿ.

2. ಸ್ಕೇಲ್ (ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲ ಎಂಬುದು) ಬರೆಯದೆ ವಿಸ್ತೀರ್ಣ ಕೇಳಬೇಡಿ. ಹಲವು ಚಿತ್ರ ಸೇರಿಸಿ ಮಾಡಿದ ಕಾಂಪೊಸಿಟ್‌ಗೆ ಎಂಜಿನ್ ತಾನಾಗಿ ಹಿಡಿಯುವ ಅಳತೆ ಒಂದು ಡಿಗ್ರಿ, ಅಂದರೆ ಸುಮಾರು 111 ಕಿ.ಮೀ. ಒಂದೇ ಪಿಕ್ಸೆಲ್‌ನಲ್ಲಿ ಜಿಲ್ಲೆಗೆ ಜಿಲ್ಲೆಯೇ ಅಡಗೀತು! ಎರರ್ ಬಂದರೆ ಸರಿಮಾಡಬಹುದು; ಇಲ್ಲಿ ಬರುವುದು ನಂಬುವಂತೆ ಕಾಣುವ ಸಂಖ್ಯೆ.

3. ನೀರಿನ ಸೂಚ್ಯಂಕಕ್ಕೆ ಕಾಣುವುದು ಬಯಲಾಗಿರುವ ನೀರು ಮಾತ್ರ. ಎನ್‌ಡಿಡಬ್ಲ್ಯುಐ ಎಂಬ ಈ ಸೂಚ್ಯಂಕ ಹಸಿರು ಬೆಳಕನ್ನೂ ಇನ್‌ಫ್ರಾರೆಡ್ಡನ್ನೂ ಹೋಲಿಸುತ್ತದೆ. ನೀರು ಇನ್‌ಫ್ರಾರೆಡ್ಡನ್ನು ನುಂಗುತ್ತದೆ, ಎಲೆ ಅದನ್ನು ವಾಪಸು ಎಸೆಯುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಅಂಥ ನೀರಲ್ಲಿ ಕಳೆ ಸೊಕ್ಕುತ್ತದೆ. ಆಗ ತುಂಬಿದ ಕೆರೆಯೂ ನಕ್ಷೆಯಲ್ಲಿ ಗದ್ದೆಯಂತೆ ಕಾಣುತ್ತದೆ. ಗುರುತು ಹಿಡಿಯಲು ಒಂದು ದಾರಿ ಇದೆ: ನಮ್ಮ ಕೆರೆಗಳು ಬತ್ತುವುದು ನೀರು ಒಳಬರುವ ಕಡೆಯಿಂದ, ಕೊನೆಯ ನೀರು ಏರಿಯ ಬುಡದಲ್ಲಿ, ತೂಬಿನ ಹತ್ತಿರ ನಿಲ್ಲುತ್ತದೆ. ನಕ್ಷೆಯಲ್ಲಿ ಮೇಲ್ಭಾಗದಲ್ಲಿ ನೀರಿದ್ದು ಏರಿಯ ಪಕ್ಕ ಹಸಿರಿದ್ದರೆ ಅದು ಗಾಳಿಗೆ ತೇಲಿ ಬಂದ ಕಳೆ ಎಂದೇ ಮೊದಲು ಅನುಮಾನಿಸಿ. ಆಮೇಲೆ ಕೆರೆಯ ನೀರು ಬಿಡುವ ಊರಿನ ನೀರುಗಂಟಿಗೆ ಒಂದು ಫೋನ್ ಮಾಡಿ. ನಕ್ಷೆಗೂ ಅವರ ಮಾತಿಗೂ ತಾಳೆಯಾಗದಿದ್ದರೆ ನಾನಂತೂ ಅವರ ಕಡೆಗೇ.

4. ಮೋಡದ ಶೇಕಡಾವಾರು ಇಡೀ ಚಿತ್ರದ್ದು, ನಿಮ್ಮ ಕೆರೆಯದ್ದಲ್ಲ. ಸೆಂಟಿನೆಲ್-2 ಉಪಗ್ರಹದ ಒಂದು ಚಿತ್ರ ಸುಮಾರು 110 ಕಿ.ಮೀ. ಅಗಲ. ಮೋಡ ಶೇ. 5 ಇದ್ದರೂ ಅದಷ್ಟೂ ಕೆರೆಯ ಮೇಲೇ ಕೂತಿರಬಹುದು. ಅದರ ನೆರಳಂತೂ ಎಷ್ಟೋ ಸಲ ನೀರಿನ ವೇಷ ಹಾಕುತ್ತದೆ. ಮುಂಗಾರಿನಲ್ಲಿ ಸೆಂಟಿನೆಲ್-1ರ ರಾಡಾರೇ ಗತಿ. ಅದಕ್ಕೆ ಮೋಡದ ಹಂಗಿಲ್ಲ.

5. ಕೆರೆಯ ನೀರನ್ನು ಮಳೆಯೊಂದಿಗೆ ಹೋಲಿಸುವ ಮೊದಲು ಮಳೆಯ ‘ದಿನ’ ಯಾರದ್ದು ಎಂದು ಕೇಳಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಅರ್ಥ್ ಎಂಜಿನ್‌ನ ದಿನ ಯುಟಿಸಿಯದ್ದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30ಕ್ಕೆ ಶುರು. ಅರ್ಧ ಗಂಟೆಗೊಂದರಂತೆ ಸಿಗುವ ಐಮರ್ಗ್ ಎಂಬ ಉಪಗ್ರಹ ಮಳೆ ಅಂದಾಜನ್ನು ಯುಟಿಸಿ 3 ಗಂಟೆಯಿಂದ ಕೂಡಿದರೆ ಎರಡೂ ದಿನಗಳು ಹೊಂದುತ್ತವೆ.

6. ಸೆಂಟಿನೆಲ್-2ರಲ್ಲಿ ‘ಹಾರ್ಮನೈಸ್ಡ್’ ಎಂಬ ಸಂಗ್ರಹವನ್ನೇ ಬಳಸಿ. 2022ರ ಜನವರಿ 25ರಿಂದ ಮೂಲ ಚಿತ್ರಗಳ ಪಿಕ್ಸೆಲ್ ಸಂಖ್ಯೆಗಳಿಗೆ 1000 ಸೇರಿದೆ; ‘ಹಾರ್ಮನೈಸ್ಡ್’ ಅದನ್ನು ಕಳೆದುಕೊಡುತ್ತದೆ. ಹಳೆಯ ಸಂಗ್ರಹದಲ್ಲಿ ಆ ದಿನದಿಂದಲೇ ಕೆರೆಗಳೆಲ್ಲ ಬದಲಾದಂತೆ ಕಾಣುತ್ತವೆ.